ಅಕ್ಕನ ಶಾಲೆಯ ಕೊನೆಯ ಪರೀಕ್ಷೆ

ಮಣ್ಣೆತ್ತಿನ ಅಮಾವಾಸ್ಯೆ, ಬೆಳಿಗ್ಗೆ ಹತ್ತು ಗಂಟೆ. ಸ್ಥಳ: ಲಕ್ಷ್ಮೇಶ್ವರ, ನಮ್ಮಕ್ಕನ ಮನೆಯ ಪಡಸಾಲೆ. ಹಾಜರಿದ್ದವರು: ಅಕ್ಕ, ಅವಳ ಸೊಸೆ, ಒಂಬತ್ತು ವರ್ಷದ ಮೊಮ್ಮಗಳು ನೀಲಾ ಮತ್ತು ನಾನು.

ನಮ್ಮಕ್ಕನಿಗೆ ತಲೆ ಕೆಟ್ಟಿದೆ ಎಂದು ನಾನು ಎಂದೂ ಹೇಳಿಲ್ಲ. ಆ ಕೆಲಸಕ್ಕೆ ಓಣಿ ತುಂಬ ಜನ ಇರುವಾಗ ಒಡಹುಟ್ಟಿದ ನಾನೂ ಯಾಕೆ ಕೈಹಾಕಲಿ?

ನಾನು ಬಂದದ್ದು ಹಬ್ಬದೂಟಕ್ಕಲ್ಲ, ಪರೀಕ್ಷೆ ಮಾಡಲಿಕ್ಕೆ. ಎರಡು ವರ್ಷದ ಹಿಂದೆ ನೀಲಾಳಿಗೆ ಜ್ವರ ಬಂದು ಬಹಳ ದಿನ ಶಾಲೆ ತಪ್ಪಿತು. ಆಮೇಲೆ ಅವಳು ಶಾಲೆಯ ಹೆಸರೆತ್ತಿದರೆ ಅಡುಗೆಮನೆಯ ಬಾಗಿಲ ಹಿಂದೆ ನಿಲ್ಲತೊಡಗಿದಳು. ಆಗ ಅಕ್ಕ, "ಹುಡುಗೀನ್ನ ಯಾರೂ ಎಳದಾಡಬ್ಯಾಡ್ರಿ. ನಾ ಕಲಸ್ತೀನಿ" ಅಂದಳು. ಅಂದಿನಿಂದ ಆ ಮನೆಯೇ ಶಾಲೆ! ಈಗ ಸೊಸೆ ಊರಿನ ಶಾಲೆಯಲ್ಲಿ ಕೇಳಿಕೊಂಡು ಬಂದಿದ್ದಳು. ಹುಡುಗಿಗೆ ಅಷ್ಟಿಷ್ಟು ಬರುವುದಾದರೆ ನಾಳೆಯೇ ಓರಗೆಯವರ ಜೊತೆ ನಾಲ್ಕನೇ ಇಯತ್ತೆಗೆ. ಬರದಿದ್ದರೆ ಇನ್ನೊಂದು ವರ್ಷ ಮನೆಯಲ್ಲೇ. ಬರುತ್ತದೋ ಇಲ್ಲವೋ ಎಂದು ಹೇಳಬೇಕಾದವಳು ನಾನು, ಶಾಲೆಯ ಗಂಟೆಗೆ ಎದ್ದು, ಗಂಟೆಗೆ ಕೂತು, ಗಂಟೆಗೆ ನಿವೃತ್ತಳಾದ ಮಾಸ್ತರಿಣಿ.

ಅಂದರೆ ನೀಲಾ ಪಾಸಾದರೆ ಅಕ್ಕನ ಶಾಲೆ ಬಾಗಿಲು ಹಾಕುತ್ತದೆ. ಇದು ಅಕ್ಕನಿಗೆ ಗೊತ್ತಿತ್ತು. ಅದಕ್ಕೇ ಅವಳ ಮೇಲೆ ನನ್ನದೊಂದು ಕಣ್ಣಿತ್ತು.

ಅಕ್ಕನ ಕಲಿಸುವ ಪದ್ಧತಿ ನನಗೆ ಹೊಸದಲ್ಲ. ಚಿಕ್ಕಂದಿನಲ್ಲಿ ನಾವು ಮುಂಡರಗಿಯಲ್ಲಿದ್ದಾಗ ನನಗೆ ಸಿಡುಬಿನ ಅಮ್ಮ ಬಂದು, ಬೇವಿನ ಸೊಪ್ಪಿನ ಮೇಲೆ ಮಲಗಿಸಿದ್ದರು. ಶಾಲೆ ತಪ್ಪಿತೆಂದು ನಾನು ಅಳುತ್ತಿದ್ದೆ. (ಹೌದು, ಶಾಲೆ ತಪ್ಪಿದ್ದಕ್ಕೆ ಅಳುವ ಮಕ್ಕಳೂ ಇರುತ್ತಾರೆ. ಅಕ್ಕ ಇವತ್ತಿಗೂ ಅದನ್ನು ಒಂದು ರೋಗವೆಂದೇ ತಿಳಿದಿದ್ದಾಳೆ.) ಅವಳು ಒಲೆಯ ಮುಂದಿನಿಂದ ಎದ್ದು ಬಂದು ನನ್ನ ಊಟದ ಗಂಗಾಳದಲ್ಲಿ ಭೂಗೋಳ ಶುರು ಮಾಡಿದಳು. ರೊಟ್ಟಿ ನಮ್ಮ ಸೀಮೆ. ಅದರ ನಡುವೆ ಉದ್ದಕ್ಕೆ ಒತ್ತಿದ ಮುದ್ದಿಪಲ್ಲೆ ಕಪ್ಪತಗುಡ್ಡ. ಕೆಳಗೆ ಬಾಗಿ ಹರಿದ ಬೇಳೆಯ ಕಟ್ಟು ತುಂಗಭದ್ರೆ. ಆ ಮೂಲೆಯ ಬೆಲ್ಲದ ಹರಳು ಗದಗ. ನನಗೆ ಅಷ್ಟು ಚೆನ್ನಾಗಿ ಭೂಗೋಳ ಯಾರೂ ಕಲಿಸಿಲ್ಲ! ವಾಸಿಯಾಗಿ ಶಾಲೆಗೆ ಹೋದ ದಿನವೇ ಗುರುಗಳು ಕೇಳಿದರು, "ಕಪ್ಪತಗುಡ್ಡ ಎಲ್ಲೈತಿ?"

ನಾನು ಎದ್ದು ನಿಂತು, ಕೈಕಟ್ಟಿ, ಸ್ಪಷ್ಟವಾಗಿ ಹೇಳಿದೆ: "ತಿಂದ್ವಿರಿ."

ಆ ಗುರುಗಳ ನಗು ಇನ್ನೂ ಕಿವಿಯಲ್ಲಿದೆ. ಅಂಥ ಪಾಠಗಳೂ ಆ ಗಂಗಾಳದ ಜೊತೆಗೇ ಎಲ್ಲೋ ಹೋದವು.

ನೀಲಾಳ ಕಾಲಕ್ಕೆ ಅಕ್ಕನ ಪದ್ಧತಿ ಅಡುಗೆಮನೆ ದಾಟಿ ಓಣಿಗಿಳಿದಿತ್ತು. ಅಳತೆಯ ಪಾಠಕ್ಕೆ ತನ್ನ ಹಳೆಯ ಇಲಕಲ್ ಸೀರೆಯನ್ನು ತೆಗೆದು, ಒಂದು ತುದಿ ತಾನು, ಇನ್ನೊಂದು ತುದಿ ನೀಲಾ ಹಿಡಿದು, ಹಾಡುಹಗಲೇ ಓಣಿ ಅಳೆಯುತ್ತ ಹೊರಟಳಂತೆ. ಎದುರುಮನೆಯಾಕೆ ಹೊರಗೆ ಬಂದಳು.

"ಏನ್ ನಡಸೀರಿ ಬೇ ಇದು?"

"ಓಣಿ ಅಳ್ಯಾಕ ಹತ್ತೇವಿ."

"ಯಾಕ, ಮಾರಾವ್ರಿದ್ದೀರೇನು?"

"ಗಿರಾಕಿ ಬಂದ್ರ ನಿಮ್ಮನಿ ಬಿಟ್ಟು ಉಳದಿದ್ದು ಮಾರ್ತೀನಿ. ಸೀರಿ ತುಳೀಬ್ಯಾಡ, ಆಚೆ ಸರಿ."

ಓಣಿಯ ಉದ್ದ ಹದಿನಾಲ್ಕು ಸೀರೆ, ಒಂದು ಸೆರಗು ಎಂದು ತೀರ್ಮಾನವಾಯಿತು. ಮಾರನೆಯ ದಿನ ಮೂಲೆಮನೆಯವರು, ದಾರಿಗೆ ಚಾಚಿ ಹಾಕಿಕೊಂಡಿದ್ದ ಕಟ್ಟೆಯ ಕಲ್ಲುಗಳನ್ನು ಸದ್ದಿಲ್ಲದೆ ಹಿಂದಕ್ಕೆ ಸರಿಸಿಕೊಂಡರು! ಯಾವ ನೋಟಿಸಿಗೂ ಬಗ್ಗದವರು ಒಂದು ಹರಕು ಸೀರೆಗೆ ಬಗ್ಗಿದ್ದರು.

ಇದನ್ನೆಲ್ಲ ನಾನು ಕೇಳಿ ನಕ್ಕವಳೇ. ಆದರೆ ಗಡಿಯಾರದ ವಿಷಯಕ್ಕೆ ಬಂದರೆ ನನಗೆ ತಮಾಷೆ ನಡೆಯುವುದಿಲ್ಲ. ಅಂದು ಪಡಸಾಲೆಯಲ್ಲಿ ಕೂತು ನೋಡುತ್ತೇನೆ, ಗೋಡೆಯ ಗಡಿಯಾರಕ್ಕೆ ಟವೆಲ್ ಮುಚ್ಚಿದೆ!

"ಏನಕ್ಕಾ ಇದು? ಗಡಿಯಾರಕ್ಕ ಥಂಡಿ ಆಗೇತೇನು?"

"ಹೊತ್ತು ನೋಡೂದು ಕಲಸಾಕ ಹತ್ತೀನಿ. ಮುಳ್ಳು ನೋಡಿ ಯಾರರೆ ಹೇಳತಾರ. ನೀಲಾ ಬಿಸಲ ನೋಡತಾಳ, ಮಂದೀನ ನೋಡತಾಳ. ಶಿರಹಟ್ಟಿ ಬಸ್ ಬಂತಂದ್ರ ಹನ್ನೆರಡೂವರಿ, ನಮ್ಮ ಊಟದ ಹೊತ್ತು."

ನಾನು ಹನ್ನೆರಡೂವರೆಗೆ ಊಟ ಮಾಡುವವಳು. ಹನ್ನೆರಡು ಮೂವತ್ತೊಂದಕ್ಕೆ ಮಾಡುವವಳಲ್ಲ. ನನ್ನ ಕೈಗಡಿಯಾರದಲ್ಲಿ ಒಂದು ಗಂಟೆಯಾಯಿತು. ಒಂದೂಕಾಲಾಯಿತು. ಅಡುಗೆಮನೆಯಿಂದ ಕಡುಬಿನ ವಾಸನೆ ಬರುತ್ತಿದೆ, ಅಕ್ಕ ಮಾತ್ರ ಏಳುತ್ತಿಲ್ಲ.

"ಅಕ್ಕಾ, ಊಟ?"

"ಬಸ್ ಬಂದಿಲ್ಲಲ್ಲ."

"ಬಸ್ ಕೆಟ್ಟು ಹಾದ್ಯಾಗ ನಿಂತಿದ್ರ?"

ಅಕ್ಕ ನೀಲಾಳ ಕಡೆ ನೋಡಿದಳು. ನೀಲಾ ಗಂಭೀರವಾಗಿ ಹೇಳಿದಳು, "ಹಂಗಾದ್ರ ಇನ್ನೂ ಹನ್ನೆರಡೂವರಿ ಆಗಿಲ್ಲರಿ ಸಣ್ಣಾಯಿ."

ಕೊನೆಗೆ ಸೊಸೆಯೇ ಸಿಟ್ಟಿನಿಂದ ಎದ್ದು ಟವೆಲ್ ಎಳೆದು ಹಾಕಿ ಎಲ್ಲರಿಗೂ ಬಡಿಸಿದಳು. ನೀರು ಹಾಕುವಾಗ ನನ್ನ ಹತ್ತಿರ ಬಗ್ಗಿ ಮೆಲ್ಲಗೆ ಅಂದಳು, "ನೋಡ್ರಿ ಸಣ್ಣತ್ತಿಯವರ, ನಿಮಗ ಒಂದ ದಿನಕ್ಕ ಸಾಕಾತು. ನಾ ಎರಡ ವರ್ಷ ಆತು. ಅತ್ತಿಯವರು ಜೀವ ತೇದು ಕಲಸ್ಯಾರ, ಇಲ್ಲನ್ನೂದಿಲ್ಲ. ಆದ್ರ ಹುಡುಗಿಗಿ ಒಬ್ಬಾಕಿ ಗೆಳತಿ ಇಲ್ಲರಿ."

ಆ ಮಾತು ನನ್ನನ್ನು ಸ್ವಲ್ಪ ತಟ್ಟಿತು. ಊಟ ಮುಗಿದದ್ದೇ ತಡ, ಪರೀಕ್ಷೆ ಶುರು ಮಾಡಿದೆ. ನೀಲಾಳನ್ನು ಎದುರಿಗೆ ನಿಲ್ಲಿಸಿದೆ. ಅಕ್ಕನನ್ನು, ಸನ್ನೆ ಮಾಡಬಾರದೆಂದು, ಕಂಬಕ್ಕೆ ಬೆನ್ನು ಕೊಟ್ಟು ಬೀದಿಯ ಕಡೆ ಮುಖ ಮಾಡಿ ಕೂಡಿಸಿದೆ.

"ಏಳೆಂಟಲೆ?"

"ಐವತ್ತೇಳು."

"ಒಂಬತ್ತಾರಲೆ?"

"ಐವತ್ತೈದು."

"ಆರೇಳಲೆ?"

"ನಲವತ್ತಮೂರು."

ಸೊಸೆಯ ಮುಖ ಬಾಡಿತು. ನನ್ನ ಕಿವಿ ಮಾತ್ರ ನೆಟ್ಟಗಾಯಿತು. ಮಗ್ಗಿ ಬಾರದ ಮಕ್ಕಳನ್ನು ನಾನು ಜೀವಮಾನವೆಲ್ಲ ಕಂಡಿದ್ದೇನೆ. ಅವು ಎಲ್ಲೆಲ್ಲೋ ಅಲೆದು ಬರುತ್ತವೆ. ಒಂದು ಸಲ ಮೂವತ್ತಕ್ಕೆ ಬಿದ್ದರೆ ಇನ್ನೊಂದು ಸಲ ತೊಂಬತ್ತಕ್ಕೆ ಏರುತ್ತವೆ. ಇವಳು ಪ್ರತಿ ಸಲವೂ ಸರಿಯುತ್ತರದ ಬಾಗಿಲಿಗೆ ಹೋಗಿ, ಅದನ್ನು ತಟ್ಟದೆ, ಪಕ್ಕದ ಮನೆಯ ಬಾಗಿಲು ತಟ್ಟುತ್ತಿದ್ದಳು! ಇಷ್ಟು ಅಚ್ಚುಕಟ್ಟಾಗಿ ತಪ್ಪು ಹೇಳಬೇಕಾದರೆ ಮಗ್ಗಿ ಎಷ್ಟು ಗಟ್ಟಿಯಾಗಿ ಬರಬೇಕು, ನೀವೇ ಹೇಳಿ!

"ಅಕ್ಕಾ! ತಪ್ಪ ಹೇಳಾಕ ನೀನ ಕಲಿಸೀ ಏನು?"

ಅಕ್ಕ ತಿರುಗಿದಳು. ನಾನು ಜಗಳಕ್ಕೆ ಸಿದ್ಧಳಾಗಿದ್ದೆ. ಅವಳು ನನ್ನನ್ನು ನೋಡಲೇ ಇಲ್ಲ, ನೀಲಾಳನ್ನೇ ನೋಡಿದಳು. ಆ ಹುಡುಗಿ ತುಟಿ ಬಿಗಿಹಿಡಿದು, ಕಾಲಿನ ಹೆಬ್ಬೆರಳಿನಿಂದ ನೆಲ ಒತ್ತುತ್ತಿತ್ತು.

"ನಾ ಕಲಸಿಲ್ಲ," ಎಂದಳು ಅಕ್ಕ. "ಇದೊಂದು ತಾನ ಕಲತೈತಿ."

ಅವಳಿಗೆ ಬೇಕಾದ ಇನ್ನೊಂದು ವರ್ಷ ಅಲ್ಲೇ, ಅವಳ ಕೈಗೆಟಕುವಷ್ಟು ಹತ್ತಿರದಲ್ಲಿತ್ತು. ಬಾಯಿ ಮುಚ್ಚಿಕೊಂಡು ಕೂತಿದ್ದರೆ ಸಾಕಾಗಿತ್ತು. ಅಕ್ಕ ಸುಮ್ಮನೆ ಕೂತದ್ದನ್ನು ನಾನು ಜನ್ಮದಲ್ಲಿ ಕಂಡಿಲ್ಲ. ಎದ್ದು ಹಿತ್ತಲಿಗೆ ಹೋಗಿ, ಒದ್ದೆ ಬಟ್ಟೆಯಲ್ಲಿ ಮುಚ್ಚಿಟ್ಟಿದ್ದ ಕಪ್ಪು ಯರಿಮಣ್ಣಿನ ಬುಟ್ಟಿ ತಂದಳು.

"ಬಾ ನೀಲವ್ವ. ಪೂಜಿಗೆ ಹೊತ್ತಾತು, ಎತ್ತು ಮಾಡೂಣು. ಸಣ್ಣಾಯಿ ಪರೀಕ್ಷಾ ಹಾಳಾಗಿ ಹೋಗ್ಲಿ."

ನೀಲಾ ಜೀವ ಬಂದವಳಂತೆ ಕೂತಳು. ಮಣ್ಣು ನಾದಿ, ಉಂಡೆ ಮಾಡಿ, ಎಳೆದು ಕಾಲು ತೆಗೆದಳು, ಬೆನ್ನ ಮೇಲೆ ಹಿಣಿಲು ಎತ್ತಿದಳು. ಅಕ್ಕನೂ ಎತ್ತಿನ ಮೇವಿಗೆ ಗೋದಲಿ ತಟ್ಟುತ್ತ ಕೂತಳು. ತಲೆ ಎತ್ತದೆ, ಮನೆಮಾತಿನಂತೆ ಕೇಳಿದಳು, "ಲೇ, ಒಂಬತ್ತ ಎತ್ತ ಮಾಡಿದ್ರ ಕಾಲ ಎಷ್ಟ ಬೇಕಾಗ್ತಾವ?"

"ಮೂವತ್ತಾರು," ಎಂದಳು ನೀಲಾ, ಬಾಲ ಅಂಟಿಸುತ್ತ.

"ಒಂದರ ಕಾಲ ಮುರೀತು?"

"ಮೂವತ್ತೈದು. ಆದ್ರ ಅದು ಪೂಜಿಗೆ ಬರೂದಿಲ್ಲ, ಮತ್ತ ಮಾಡಬೇಕು."

"ಎಂಟ ಜೋಡಿ ಎತ್ತಿಗೆ ಕೋಡು?"

"ಮೂವತ್ತೆರಡು."

"ಇದನ್ನ ಕಪ್ಪತಗುಡ್ಡದ ಕಡೆ ಮುಖ ಮಾಡಿ ನಿಲ್ಲಸು ನೋಡೂಣು."

ನೀಲಾ ಎತ್ತನ್ನು ಅಂಗೈಯಲ್ಲೆತ್ತಿ ಮೂಡಣಕ್ಕೆ ತಿರುಗಿಸಿ ಇಟ್ಟಳು. "ಮುಂಡರಗಿ ಗುಡ್ಡದ ಆಚೆ, ಅದರಾಚೆ ಹೊಳಿ," ಎಂದು ಕೇಳದೆ ಇದ್ದದ್ದನ್ನೂ ಸೇರಿಸಿದಳು. ಬಾಗಿಲಲ್ಲಿ ಸೊಸೆ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಕೈಗೆ ಕೆಲಸವಿರುವಾಗ ಆ ಹುಡುಗಿಗೆ ಸುಳ್ಳು ಹೇಳಲು ಬಿಡುವೇ ಇರಲಿಲ್ಲ. ಅದನ್ನು ತಿಳಿದವಳು ಮನೆಯಲ್ಲಿ ಒಬ್ಬಳೇ.

ಗುಲಗಂಜಿಯ ಕಣ್ಣು ಹಚ್ಚುತ್ತಿದ್ದ ನೀಲಾಳ ಬೆರಳು ತಟ್ಟನೆ ನಿಂತಿತು. ನಮ್ಮನ್ನೆಲ್ಲ ನೋಡಿದಳು. ಆಮೇಲೆ ಅಕ್ಕನನ್ನು.

"ಆಯಿ, ನೀ ಮೋಸ ಮಾಡಿದಿ."

"ಹೂಂ, ಮಾಡ್ದೆ."

"ನಾ ಹೋದ್ರ ನೀ ಯಾರಿಗೆ ಕಲಸ್ತಿ?"

ಅಕ್ಕ ಮಣ್ಣುಗೈಯ ಹಿಂಬದಿಯಿಂದ ಮೂಗೊರೆಸಿಕೊಂಡು, "ಇನ್ನೊಂದು ಕಣ್ಣ ಹಚ್ಚು. ಒಕ್ಕಣ್ಣಿನ ಎತ್ತಿಗೆ ಪೂಜಿ ಮಾಡಾಕ ಬರೂದಿಲ್ಲ," ಎಂದಳು. ನೀಲಾ ಇನ್ನೊಂದು ಕಣ್ಣು ಹಚ್ಚಿದಳು. ನಾನು ಸೊಸೆಗೆ, "ನಾಕನೇ ಇಯತ್ತಾ," ಎಂದೆ.

ಸಂಜೆ ಎತ್ತಿನ ಪೂಜೆ ಮುಗಿಯಿತು. ಸೊಸೆ ಕೆಂಪು ರಿಬ್ಬನ್ ತಂದಳು. ಶಾಲೆಗೆ ಕೂದಲನ್ನು ಎರಡು ಹೆಣಲು ಹೆಣೆದು ಮಡಚಿ ಕಟ್ಟಬೇಕಂತೆ. ಬೆಳಿಗ್ಗೆ ತನಗೆ ಗಡಿಬಿಡಿ, ನೀಲಾ ತಾನೇ ಕಟ್ಟಿಕೊಳ್ಳುವುದನ್ನು ಕಲಿಯಬೇಕು ಎಂದಳು. "ಹೇಳಿದ್ರ ಬರ್ತೈತೇನು? ಮಾಡಿ ಕಲೀಬೇಕು," ಎಂದು ಅಕ್ಕ ನೀಲಾಳಿಗೆ ಬೆನ್ನು ಮಾಡಿ ಕೂತು, ತನ್ನ ತುರುಬು ಬಿಚ್ಚಿ ಅವಳ ಕೈಗೆ ಕೊಟ್ಟಳು.

ಎಪ್ಪತ್ತು ದಾಟಿದ ಬಿಳಿ ಕೂದಲು, ಎರಡು ಇಲಿಬಾಲದಂಥ ಹೆಣಲು, ತುದಿಯಲ್ಲಿ ಎರಡು ಕೆಂಪು ಹೂ! ಸೊಸೆ ನಕ್ಕಳು, ನಾನು ನಕ್ಕೆ, ನೀಲಾ ಬಿದ್ದು ಬಿದ್ದು ನಕ್ಕಳು. ಅಕ್ಕ ಕನ್ನಡಿ ತರಿಸಿಕೊಂಡು ನೋಡಿ, "ನಾಕನೇ ಇಯತ್ತಾಕ್ಕ ನನ್ನೂ ತಗೋತಾರೇನ ಕೇಳ್ರಿ," ಎಂದಳು.

ನೀಲಾ ಒಳಗೆ ಹೋದ ಮೇಲೆ ನಾನು, "ಬಾ, ಬಿಚ್ಚತೀನಿ. ನಾಳೆ ಓಣಿ ಮಂದಿ ನೋಡಿದ್ರ ನಗತಾರ," ಎಂದೆ.

ಅಕ್ಕ ಎರಡೂ ಹೆಣಲನ್ನು ಕೈಯಿಂದ ಮುಚ್ಚಿಕೊಂಡಳು.

"ಇರಲಿ ಬಿಡು. ನಾಳೆ ಶಾಲಿ ಬಿಟ್ಟು ಬಂದು ಅಕಿನ ಬಿಚ್ಚಲಿ."

ಎಡಗಡೆಯ ಗಂಟು ಸ್ವಲ್ಪ ಸಡಿಲವಾಗಿತ್ತು. ನಾನು ಅದನ್ನು ಬಿಗಿದು ಕಟ್ಟಿದೆ.