ಎಲ್ಲ ಔಷಧಿಗೂ ಒಂದೇ ಗಾಡಿ

ಬೇರೆ ಬೇರೆ ಇರುವುದನ್ನೆಲ್ಲ ಒಂದು ಮಾಡುವ ಹುಚ್ಚು ನನಗೆ ಮೊದಲಿನಿಂದಲೂ ಇದೆ. ಸೂರತ್ತಿನ ನಮ್ಮ ಬಾಡಿಗೆ ಮನೆಯಲ್ಲಿ ಒಮ್ಮೆ ಅಕ್ಕಿ, ಬೇಳೆ, ಹುರುಳಿಕಾಯಿ ಎಲ್ಲವನ್ನೂ ಒಟ್ಟಿಗೆ ಕುಕ್ಕರಿಗೆ ಸುರಿದು, ಹೆಂಡತಿಯಿಂದ ಅಡುಗೆಮನೆಗೆ ಪ್ರವೇಶ ನಿಷೇಧ ಮಾಡಿಸಿಕೊಂಡವನು ನಾನು. ಕಚೇರಿಯಲ್ಲಿ ಹಾಗೆ ತಡೆಯುವವರು ಯಾರೂ ಇರಲಿಲ್ಲ. ನನ್ನದು ಸರ್ಕಾರಿ ದವಾಖಾನೆಗಳಿಗೆ ಔಷಧಿ ತಲುಪಿಸುವ ಕೆಲಸ. ಕ್ಷಯಕ್ಕೊಂದು ಗಾಡಿ, ಮಲೇರಿಯಾಕ್ಕೊಂದು, ಎಚ್‌ಐವಿಗೊಂದು. ಮೂರೂ ಅರ್ಧ ಖಾಲಿಯಾಗಿ ಸೂರತ್ತಿನದೇ ಪಾಂಡೇಸರಾ ಬಡಾವಣೆಯ ಒಂದೇ ದವಾಖಾನೆಗೆ ಹೋಗುತ್ತಿದ್ದವು. "ಎಲ್ಲಕ್ಕೂ ಒಂದೇ ಗಾಡಿ ಸಾಕು, ಎಲ್ಲ ಸಾಮಾನು ಬಂದ ಮೇಲೆ ಹೊರಡಲಿ" ಎಂದು ಮೀಟಿಂಗಿನಲ್ಲಿ ಹೇಳಿದೆ. ಚಪ್ಪಾಳೆ ಬಿತ್ತು. ನಾನೂ ಸ್ವಲ್ಪ ಉಬ್ಬಿದೆ.

ಮೊದಲ ಸಲವೇ ಮಲೇರಿಯಾ ಪರೀಕ್ಷೆಯ ಕಿಟ್ ಬರಲಿಲ್ಲ. ಕ್ಷಯದ ಮಾತ್ರೆ ಹೊತ್ತ ಗಾಡಿ ನಮ್ಮ ಗೋದಾಮಿನ ಅಂಗಳದಲ್ಲೇ ನಿಂತಿತು. ಆಗಲೇ ರಾಘವನ ಫೋನು ಬಂತು. ಕುಂದಾಪುರದವನು, ಪಾಂಡೇಸರಾದ ಉಡುಪಿ ಹೋಟೆಲಿನಲ್ಲಿ ಅಡುಗೆಯವನು. ಕೆಮ್ಮು ಜೋರಾದಾಗ ಅವನನ್ನು ದವಾಖಾನೆಗೆ ಕರೆದೊಯ್ದು, ಕ್ಷಯವೆಂದು ಗೊತ್ತಾದ ಮೇಲೆ ಮಾತ್ರೆ ಶುರು ಮಾಡಿಸಿದವನು ನಾನೇ.

"ಗುಳ್ಗೆ ಮುಗಿತ್ ಮಾರಾಯ್ರೆ. ದವಾಖಾನೆಯಂಗೂ ಇಲ್ಲ ಅಂಬ್ರ್. ಎಂತ ಮಾಡೂದು?"

ಗೋದಾಮಿಗೆ ಓಡಿದೆ. ಉಸ್ತುವಾರಿಯ ಹಸ್ಮುಖಭಾಯ್ ಚಹಾ ಕೊಟ್ಟು ಹೇಳಿದರು, "ಸಾಹೇಬ್, ಎಲ್ಲ ಬರುವವರೆಗೆ ಗಾಡಿ ಬಿಡಬೇಡಿ ಎಂದವರು ನೀವೇ ಅಲ್ಲವೇ?" ನನ್ನ ನಿಯಮವನ್ನು ನಾನೇ ಮುರಿಯೋಣವೆಂದರೆ, ಗಾಡಿ ಒಂದಾದ ಮೇಲೆ ಮೂರೂ ರೋಗಗಳ ವಿಭಾಗದ ಅಧಿಕಾರಿಗಳು ಒಪ್ಪಬೇಕಿತ್ತು. ಒಬ್ಬರು ಅಹಮದಾಬಾದಿನಲ್ಲಿ, ಒಬ್ಬರು ರಜೆಯಲ್ಲಿ. ಮೂರನೆಯವರು, "ಉಳಿದವರು ಹೂಂ ಅಂದರೆ ನನ್ನದೂ ಹೂಂ" ಎಂದರು.

ಹಲವು ದಿನ ಕಳೆದು ಕೊನೆಗೆ ಒಪ್ಪಿಗೆ ಸಿಕ್ಕಿ, ಮಾತ್ರೆ ಹಿಡಿದು ನಾನೇ ಹೋಟೆಲಿಗೆ ಹೋದೆ. ತವಾದ ಮುಂದೆ ಹೊಸಬನೊಬ್ಬ ನಿಂತಿದ್ದ. ಮಾಲೀಕರು ಸಣ್ಣ ದನಿಯಲ್ಲಿ, "ಮತ್ತೆ ಕೆಮ್ಮಿನಲ್ಲಿ ರಕ್ತ ಬಂತು. ರೂಮಿನ ಹುಡುಗರು ಹೆದರಿದರು. ಊರಿಗೆ ಹೋಗ್ತೇನೆ ಅಂತ ಹೊರಟುಬಿಟ್ಟ" ಎಂದರು. ಫೋನು ಮಾಡಿದೆ, ಸ್ವಿಚ್ ಆಫ್. ಅವನ ಊರಿನ ದವಾಖಾನೆಯಲ್ಲಿ ವಿಚಾರಿಸಿದೆ, ಅಲ್ಲಿಗೂ ಬಂದಿಲ್ಲವಂತೆ. ಈಗಲೂ ಬಂದಿಲ್ಲ.

ಆಮೇಲೆ ನಿಯಮ ಬದಲಾಯಿತು: ಬಂದಿರುವ ಔಷಧಿ ಬಂದ ಹಾಗೇ ಹೊರಡಬೇಕು. ಈಗ ಗಾಡಿ ನಿಜಕ್ಕೂ ಚೆನ್ನಾಗಿ ಓಡುತ್ತಿದೆ. ಅನುಭವಸ್ಥನೆಂದು ವಡೋದರಾದವರಿಗೆ ತರಬೇತಿ ಕೊಡಲು ನನ್ನನ್ನೇ ಕಳಿಸಿದರು. ನಿಯಮ ಯಾಕೆ ಬದಲಾಯಿತೆಂದು ವಿವರಿಸುವಾಗ, ಹೆಸರು ಹೇಳದೆ, ರಾಘವನ ಕಥೆಯನ್ನೂ ಹೇಳಿದೆ. ಅಲ್ಲಿ ಒಬ್ಬ ಹುಡುಗಿ ಎದ್ದು ನಿಂತು, "ಸರ್, ಆ ಪೇಶಂಟ್ ಏನಾದರು?" ಎಂದು ಕೇಳಿದಳು. "ಫಾಲೋಅಪ್ ನಡೀತಾ ಇದೆ" ಎಂದೆ. ಕೈತಪ್ಪಿ ಹೋದವರ ಬಗ್ಗೆ ನಮ್ಮ ಇಲಾಖೆಯಲ್ಲಿ ಹಾಗೇ ಹೇಳುವುದು. ಎಲ್ಲರೂ ಗಂಭೀರವಾಗಿ ತಲೆಯಾಡಿಸಿ ಬರೆದುಕೊಂಡರು. ಉತ್ತರ ಚೆನ್ನಾಗಿ ಬಂತೆಂದು ಈ ನಾಚಿಕೆಗೆಟ್ಟವನಿಗೆ ಒಂದು ಗಳಿಗೆ ಖುಷಿಯೂ ಆಯಿತು.