ಒಂಬತ್ತು ತಲೆಗಳ ಕೆಳಗಿದ್ದ ಹೆಸರು

ಹರಾಜು ಮಂದಿರದ ಘನ ಮುಖ್ಯಸ್ಥರ ಸನ್ನಿಧಾನಕ್ಕೆ,
ಅಕ್ರಾ.

ಮಾನ್ಯರೇ,

ಸೆಕೊಂಡಿಯ ಮೀನು ಬಂದರಿನ ರಸ್ತೆಯಲ್ಲಿ 'ಇನ್ನೂ ಕೃಪೆಯಿದೆ' ಎಂಬ ಕ್ಷೌರದಂಗಡಿಯನ್ನು ಇಪ್ಪತ್ತೆರಡು ವರ್ಷಗಳಿಂದ ನಡೆಸಿಕೊಂಡು ಬಂದಿರುವ ಕೋಬಿನಾ ಬೆಂಟ್ಸಿಲ್ ಎಂಬ ನಾನು ತಮಗೂ, ತಮ್ಮ ಕೈಯಲ್ಲಿರುವ ಸುತ್ತಿಗೆಗೂ, ಆ ಸುತ್ತಿಗೆ ಬೀಳುವ ಮೇಜಿಗೂ ಪ್ರತ್ಯೇಕ ಪ್ರತ್ಯೇಕವಾಗಿ ನಮಸ್ಕರಿಸಿ ಮಾಡಿಕೊಳ್ಳುವ ಅರಿಕೆ. ಕಳೆದ ತಿಂಗಳು ತಾವು ನಡೆಸಿದ ಮೂಲ ವರ್ಣಚಿತ್ರ ಮತ್ತು ಅಚ್ಚುಚಿತ್ರಗಳ ಹರಾಜು ಬಹಳ ವೈಭವದಿಂದ ನೆರವೇರಿತೆಂದು ಕೇಳಿ ಸಂತೋಷವಾಯಿತು. ಇಲ್ಲಿ ನಾವೆಲ್ಲರೂ ಕ್ಷೇಮ. ಒಬ್ಬರ ಅರ್ಧ ಮುಖವೊಂದನ್ನು ಬಿಟ್ಟರೆ ಊರಿಗೆ ಊರೇ ಕ್ಷೇಮ. ಆ ಅರ್ಧ ಮುಖದ ವಿಷಯವಾಗಿಯೇ ತಮ್ಮ ಅಮೂಲ್ಯ ಸಮಯವನ್ನು ಹಾಳುಮಾಡುತ್ತಿದ್ದೇನೆ, ಮನ್ನಿಸಬೇಕು.

ಟಕೊರಾಡಿ ಬಂದರಿನಲ್ಲಿ ಗುಮಾಸ್ತರಾಗಿರುವ ಫೀಫಿ ಕ್ವಾನ್ಸಾ ಅವರು ಶನಿವಾರ ಶನಿವಾರ ನಡೆಯುವ ಶವಸಂಸ್ಕಾರಗಳಿಗೆ ಒಪ್ಪವಾಗಿ ಹೋಗಬೇಕೆಂದು ಪ್ರತಿ ಶುಕ್ರವಾರ ನನಗೆ ತಲೆ ಕೊಡುವವರು. ಮೂರು ವಾರದ ಹಿಂದೆ ಅವರು ಯಾವುದೋ ಹಡಗಿನ ಸಾಹೇಬರು ಬಿಟ್ಟುಹೋದ ತಮ್ಮ ಕ್ಯಾಟಲಾಗನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದು, ತಮ್ಮ ಸರದಿ ಕಾಯುತ್ತ ಹಾಳೆ ತಿರುವುತ್ತಿದ್ದವರು ಇದ್ದಕ್ಕಿದ್ದಂತೆ, "ಏ ಕೋಬಿನಾ, ಇದು ನಿನ್ನ ಬೋರ್ಡಲ್ವೇನೋ!" ಎಂದು ಕೂಗಿದರು. ನೋಡಿದರೆ ಹೌದು. ನಲವತ್ತೊಂದನೆಯ ಪುಟದಲ್ಲಿ, ಎಡಕ್ಕೆ ಯಾರೋ ಮಹನೀಯರ ತೈಲಚಿತ್ರ, ಬಲಕ್ಕೆ ಇನ್ಯಾರದೋ ಅಚ್ಚುಚಿತ್ರ, ನಡುವೆ ನನ್ನ ಅಂಗಡಿಯ ಮೇಲೆ ಹದಿನಾರು ವರ್ಷ ತೂಗಿದ ಬೋರ್ಡು. ಅಚ್ಚುಚಿತ್ರದವರು ಮೂಲೆಯಲ್ಲಿ ಪೆನ್ಸಿಲಿನಿಂದ ಗೀಚಿದ ಸಹಿಯನ್ನು ತಾವು ಬೇರೆಯಾಗಿ ದೊಡ್ಡದು ಮಾಡಿ ತೋರಿಸಿದ್ದೀರಿ; ಸಹಿಯ ಬೆಲೆ ತಮಗೆ ಗೊತ್ತೆಂಬುದಕ್ಕೆ ಬೇರೆ ಸಾಕ್ಷಿ ಬೇಡ. ನನ್ನ ಬೋರ್ಡಿನ ಕೆಳಗೆ ಮಾತ್ರ ತಾವು ಅಚ್ಚು ಹಾಕಿಸಿದ್ದು ಇಷ್ಟು: 'ಒಂಬತ್ತು ಶಿರಗಳು. ಪ್ಲೈವುಡ್ಡಿನ ಮೇಲೆ ಎನಾಮೆಲ್ ಬಣ್ಣ. ಸುಮಾರು ಅರವತ್ತು ವರ್ಷ ಹಳೆಯ ಮೂಲಕೃತಿ. ಅಜ್ಞಾತ ಕಲಾವಿದ, ಪ್ರಾಯಶಃ ದಿವಂಗತ.'

ಆ ಹೊತ್ತಿಗೆ ನನ್ನ ಕುರ್ಚಿಯಲ್ಲಿ, ಎಡಗೆನ್ನೆ ನುಣ್ಣಗಾಗಿ ಬಲಗೆನ್ನೆಗೆ ಸೋಪಿನ ನೊರೆ ಬಳಿಸಿಕೊಂಡು ಕೂತಿದ್ದವರು ಬೋರ್ಡು ಬರೆಯುವ ಮಾಸ್ಟರ್ ಎಬೋ ಅಮಿಸ್ಸಾ. ತಮ್ಮ ಅಜ್ಞಾತ ಕಲಾವಿದರು ಅವರೇ. ಪ್ರಾಯಶಃ ದಿವಂಗತರೂ ಅವರೇ.

"ಇನ್ನೊಂದ್ಸಲ ಓದಪ್ಪಾ," ಎಂದರು ಮಾಸ್ಟರು, ಕನ್ನಡಿಯೊಳಗಿನಿಂದಲೇ. ಫೀಫಿ ಇನ್ನೊಂದು ಸಲ, ಇನ್ನೂ ಸ್ಪಷ್ಟವಾಗಿ ಓದಿದರು.

"ದಿವಂಗತ ಅಂದ್ರೆ ನಾನಾ?"

"ಪ್ರಾಯಶಃ ಅಂತ ಹಾಕಿದಾರೆ ಮಾಸ್ಟ್ರೇ, ಅವರಿಗೂ ಖಾತ್ರಿ ಇಲ್ಲ," ಎಂದು ಫೀಫಿ ಸಮಾಧಾನ ಹೇಳಿದರು.

ಮಾಸ್ಟರು ಪುಸ್ತಕವನ್ನು ಕೈಗೆ ತೆಗೆದುಕೊಂಡರು. ತಾವು ಪುಟ ತುಂಬ ತೋರಿಸಿದ ಒಂಬತ್ತು ತಲೆಗಳಲ್ಲಿ ಒಂದನ್ನೂ ಅವರು ನೋಡಲಿಲ್ಲ. ಬೋರ್ಡಿನ ಕೆಳ ಅಂಚನ್ನೇ ಹೆಬ್ಬೆರಳಿನಿಂದ ಸವರಿದರು. ಅಲ್ಲಿ ಮೊದಲು ನಾಲ್ಕು ಬೆರಳಗಲದ ಒಂದು ಹಳದಿ ಪಟ್ಟಿಯಿತ್ತು. ಅದರಲ್ಲಿ ಕೆಂಪು ಅಕ್ಷರಗಳಲ್ಲಿ 'ನೋ ಟೈಮ್ ಆರ್ಟ್ಸ್, ಎಬೋ ಅಮಿಸ್ಸಾ' ಎಂದೂ, ಪಕ್ಕದಲ್ಲಿ ಅವರ ಮೊಬೈಲ್ ನಂಬರೂ ಇತ್ತು. ನಮ್ಮ ಕಡೆ ಬೋರ್ಡು ಬರೆಯುವವರೆಲ್ಲ ಹೀಗೇ ಬರೆಯುವುದು. ಅವರಿಗೆ ಸಹಿ ಅದೇ, ಅಂಗಡಿ ಅದೇ, ವಿಳಾಸವೂ ಅದೇ.

"ಕೆಳಗಿಂದು ಎಲ್ಲಿ ಹೋಯ್ತು, ಕೋಬಿನಾ?"

"ಗೆದ್ದಲು ತಿಂತು ಮಾಸ್ಟ್ರೇ," ಎಂದುಬಿಟ್ಟೆ.

"ಗೆದ್ದಲು ಇಷ್ಟು ನೆಟ್ಟಗೆ ತಿಂತಾ? ಸ್ಕೇಲ್ ಇಟ್ಕೊಂಡು ತಿಂತಾ?" ಎಂದವರೇ ಕೊರಳಿನ ಟವಲನ್ನು ತೆಗೆದು ಕುರ್ಚಿಯ ಮೇಲೆ ಹಾಕಿ, ಬಲಗೆನ್ನೆಯ ನೊರೆಯ ಸಮೇತ ರಸ್ತೆಗಿಳಿದು ಹೊರಟುಹೋದರು.

ಮಾನ್ಯರೇ, ಅಂದಿನಿಂದ ಇಂದಿನವರೆಗೆ ಆ ಬಲಗೆನ್ನೆಯನ್ನು ಅವರು ಯಾರಿಗೂ ಮುಟ್ಟಗೊಟ್ಟಿಲ್ಲ. ನನ್ನ ಅಂಗಡಿಯ ಎದುರಿಗೆ ಲಾಟರಿ ಚೀಟಿಯ ಗೂಡಂಗಡಿಯಿದೆ, ಅದರ ಮುಂದೆ ಒಂದು ಬೆಂಚಿದೆ, ಆ ಬೆಂಚಿನ ಮೇಲೆ ಬೆಳಗ್ಗೆ ಎಂಟಕ್ಕೆ ಬಂದು ಕೂರುತ್ತಾರೆ. ಬಲಗೆನ್ನೆಯ ಮೇಲೆ ಬಿಳಿ ಗಡ್ಡ ಈಗ ಬೆರಳು ಸಿಗಿಸುವಷ್ಟು ಬೆಳೆದಿದೆ. ಎಡಗೆನ್ನೆಯೂ ಬೆಳೆದು ಎರಡೂ ಒಂದಾಗಿ ಹೋದರೆ ನನ್ನ ಮಾನ ಹೇಗೋ ಉಳಿಯುತ್ತಿತ್ತು. ಆದರೆ ಅವರು ಕಲಾವಿದರಲ್ಲವೇ, ದಿನಾ ಮುಂಜಾನೆ ಮನೆಯಲ್ಲಿ ಎಡಗೆನ್ನೆಯನ್ನು ಮಾತ್ರ ಸ್ವಂತ ಬ್ಲೇಡಿನಿಂದ ನುಣ್ಣಗೆ ಮಾಡಿಕೊಂಡು ಬರುತ್ತಾರೆ. ದಾರಿಯಲ್ಲಿ ಹೋಗುವವರು ನಿಂತು, ಇದೇನು ಮಾಸ್ಟ್ರೇ ಅವತಾರ ಎಂದು ಕೇಳಿದರೆ, "ಕೋಬಿನಾ ಕೈಗುಣ ಕಣಯ್ಯಾ, ಮಿಕ್ಕರ್ಧ ಗೆದ್ದಲು ಬಂದು ತಿನ್ನುತ್ತಂತೆ, ಕಾಯ್ತಾ ಇದ್ದೀನಿ," ಎನ್ನುತ್ತಾರೆ. ಅಂಥ ಬೋರ್ಡನ್ನು ಎದುರಿಗಿಟ್ಟುಕೊಂಡು ಯಾವ ಗಿರಾಕಿ ನನ್ನ ಮೆಟ್ಟಿಲು ಹತ್ತುತ್ತಾನೆ? ಫೀಫಿ ಅವರೇ ಎರಡು ಶುಕ್ರವಾರದಿಂದ ಟಕೊರಾಡಿಯಲ್ಲಿ ಕೂದಲು ತೆಗೆಸುತ್ತಿದ್ದಾರೆ.

ಮುಖ್ಯ ವಿಷಯಕ್ಕೆ ಬರುವ ಮುನ್ನ, ಕ್ಯಾಟಲಾಗಿನಲ್ಲಿ ನನ್ನ ಬೋರ್ಡಿಗೆ ಎರಡು ಪುಟದ ವ್ಯಾಖ್ಯಾನ ಬರೆದ ತಮ್ಮ ಪಂಡಿತರ ಪಾಂಡಿತ್ಯವನ್ನು ಹೊಗಳದಿದ್ದರೆ ನನಗೆ ನಿದ್ದೆ ಬರುವುದಿಲ್ಲ. ಒಂಬತ್ತು ತಲೆಗಳಿಗೂ ದೇಹವಿಲ್ಲದಿರುವುದು ಪೂರ್ವಜರ ಸಭೆಯ ಸಂಕೇತವೆಂದು ಅವರು ಕಂಡುಹಿಡಿದಿದ್ದಾರೆ. ಕ್ಷೌರಿಕನಿಗೆ ತಲೆಯಿಂದ ಕೆಳಗೆ ಕೆಲಸವಿಲ್ಲ ಎಂಬ ಒಂದೇ ಕಾರಣ ನಮಗೆ ಇಷ್ಟು ದಿನ ತಿಳಿದಿತ್ತು. ನಾಲ್ಕನೆಯ ತಲೆಯ ಊದಿದ ಕೆನ್ನೆಯಲ್ಲಿ ಅವರಿಗೆ ಒಂದು ಇಡೀ ಜನಾಂಗದ ಮೌನ ರೋದನ ಕೇಳಿಸಿದೆ. ಆ ಕೆನ್ನೆ ನನ್ನದು. ಮಾಸ್ಟರು ನನ್ನನ್ನು ಎದುರಿಗೆ ಕೂರಿಸಿಕೊಂಡು ಬರೆದ ದಿನ ಕೆಳಗಿನ ದವಡೆಯ ಹಲ್ಲು ಕೀವು ತುಂಬಿಕೊಂಡಿತ್ತು, ಮುಂದಿನ ಮಂಗಳವಾರ ಕೀಳಿಸಿದೆ. ರೋದನವಿದ್ದದ್ದು ನಿಜ, ಮೌನವಾಗಿ ಇರಲಿಲ್ಲ. ಬಲಮೂಲೆಯ ಕಂದು ಕಲೆಯನ್ನು ಪಿತೃಗಳಿಗೆ ಎರೆದ ಮದ್ಯವೆಂದು ಬರೆದಿದ್ದಾರೆ. ಅದು ನನ್ನ ಹೆಂಡತಿ ಎಕುವಾಳ ಮೀನಿನ ಸಾರು. ಪಾತ್ರೆ ಎತ್ತಿಕೊಂಡು ಬೋರ್ಡಿನ ಕೆಳಗೆ ಹಾಯುವಾಗ ಅವಳು ನನ್ನೊಡನೆ ಜಗಳದಲ್ಲಿದ್ದಳು, ಅದರ ವಿವರ ಪಂಡಿತರಿಗೆ ಬೇಕಾದರೆ ಪ್ರತ್ಯೇಕವಾಗಿ ಬರೆದು ಕಳಿಸುತ್ತೇನೆ.

ಇಷ್ಟೆಲ್ಲ ಕಂಡ ಕಣ್ಣಿಗೆ, ಒಂದು ಅಂಚು ಮಾತ್ರ ಹೊಸದಾಗಿ ಕೊಯ್ದು ಬೆಳ್ಳಗಿದ್ದದ್ದು ಕಾಣಲಿಲ್ಲ.

ಈಗ ನಾನು ಬರೆಯಲು ಹಿಂದೆಮುಂದೆ ನೋಡುತ್ತಿರುವ ಭಾಗ. ಪತ್ರ ಬರೆಯಲು ಕೂತಾಗ ದೂರೆಲ್ಲ ತಮ್ಮ ಮೇಲೆಯೇ ಇತ್ತು, ಬರೆಯಲು ಸುಲಭವೂ ಆಗಿತ್ತು. ಎಕುವಾ ತಾನು ಮಾರುವ ಕೆಂಕೆ ಉಂಡೆಗೆ ಹುಳಿ ಬಂದ ಜೋಳದ ಹಿಟ್ಟನ್ನು ಬಾಳೆಲೆಯಲ್ಲಿ ಸುತ್ತುತ್ತ ಕೂತಿದ್ದವಳು, ಓದಿ ಹೇಳು ಎಂದಳು. ಓದಿದೆ. "ಎಲ್ಲಾ ಸರಿ, ಬೋರ್ಡು ಹಿಡ್ಕೊಂಡಿದ್ದು ಯಾರು ಅಂತ ಎಲ್ಲೂ ಬರಲೇ ಇಲ್ವಲ್ಲ?" ಎಂದಳು. ಅದಕ್ಕಾಗಿ ಬರೆಯುತ್ತಿದ್ದೇನೆ.

ಈಸ್ಟರ್ ಕಳೆದ ಮರುವಾರ ಅಕ್ರಾದಿಂದ ಒಬ್ಬ ಕಲಾಪ್ರೇಮಿ ಮಹಾಶಯರು ಕಾರಿನಲ್ಲಿ ಬಂದರು. ಹಳೆಯ ಬೋರ್ಡು ಕೊಟ್ಟರೆ ಹೊಸ ಫ್ಲೆಕ್ಸು ಕೊಡುತ್ತೇನೆ ಎಂದರು. ಫ್ಲೆಕ್ಸು ನನ್ನಷ್ಟು ಎತ್ತರವಿತ್ತು, ಅದರಲ್ಲಿ ಫುಟ್ಬಾಲ್ ಆಡುವ ವಿದೇಶಿ ಹುಡುಗರ ಹನ್ನೆರಡು ಫೋಟೋಗಳಿದ್ದವು, ಬಿಸಿಲಿಗೆ ಫಳಫಳ ಹೊಳೆಯಿತು. ನಾನು ಮರುಳಾದೆ. ಬೋರ್ಡು ಇಳಿಸಿದೆ. ಮಹಾಶಯರು ಕಾರಿನಿಂದ ಗರಗಸ ತೆಗೆದು, "ಕೆಳಗೆ ಈ ಫೋನ್ ನಂಬರ್ ಎಲ್ಲ ಇದ್ರೆ ಅಂದ ಕೆಡುತ್ತೆ ಬಾಸ್, ಬರೀ ಜಾಹೀರಾತು," ಎಂದರು. ಕೊಯ್ಯಲು ಶುರುಮಾಡಿದಾಗ ಪ್ಲೈವುಡ್ಡು ಅಲುಗಾಡಿತು. "ಒಂಚೂರು ಹಿಡ್ಕೊ ಬಾಸ್," ಎಂದರು. ನಾನು ಹಿಡಿದುಕೊಂಡೆ. ಎರಡೂ ಕೈಯಿಂದ, ಅಲುಗದ ಹಾಗೆ, ಗಿರಾಕಿಯ ತಲೆಯನ್ನು ಹಿಡಿಯುವಷ್ಟು ಜೋಪಾನವಾಗಿ ಹಿಡಿದುಕೊಂಡೆ. ಪಟ್ಟಿ ನೆಲಕ್ಕೆ ಬಿತ್ತು. ನಂಬರಿನಿಂದ ಚಿತ್ರದ ವಯಸ್ಸು ಬಯಲಾಗುತ್ತದೆಂದು ಅವರಿಗೆ ಗೊತ್ತಿತ್ತು. ನನಗೆ ಅದು ಹೊಳೆಯಲಿಲ್ಲ. ಆದರೆ ಅಲ್ಲಿ ಬರೆದದ್ದು ಯಾರ ಹೆಸರೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಎಕುವಾ ಅದನ್ನು ಓದದೆ ಮುರಿದು ಒಲೆಗಿಟ್ಟಳು, ಅಂದಿನ ಕೆಂಕೆ ಪೇಂಟಿನ ವಾಸನೆ ಹೊಡೆಯಿತೆಂದು ಮೂವರು ಬಂದು ಬೈದುಹೋದರು. ಬೋರ್ಡು ಅಕ್ರಾಕ್ಕೆ ಹೋಯಿತೆಂದು ಮಾಸ್ಟರಿಗೆ ಹೇಳಿದ್ದೆ, ಕೊಯ್ಯಿಸಿದ್ದನ್ನು ಹೇಳಿರಲಿಲ್ಲ.

ಬೋರ್ಡು ತಮ್ಮಲ್ಲಿ ಎಷ್ಟಕ್ಕೆ ಹೋಯಿತೆಂಬುದನ್ನು ಫೀಫಿ ಹೇಳಿದಾಗ ನಾನು ನನ್ನ ಕುರ್ಚಿಯಲ್ಲೇ ಕೂರಬೇಕಾಯಿತು ನಿಜ. ಆದರೆ ದೇವರಾಣೆಗೂ ನನ್ನ ಸಂಕಟ ಅದಲ್ಲ. ಮಾಸ್ಟರ್ ಎಬೋಗೆ ಅರವತ್ತೇಳು ವರ್ಷ. ಈ ರಸ್ತೆಯ ಪ್ರತಿ ಅಂಗಡಿಯ ಹೆಸರನ್ನೂ ಬರೆದವರು ಅವರು. ಒಂದೊಂದಾಗಿ ಎಲ್ಲರೂ ಫ್ಲೆಕ್ಸು ಹಾಕಿಕೊಂಡರು, ಅವರ ಹೆಸರಿದ್ದ ಬೋರ್ಡು ಬೀದಿಯಲ್ಲಿ ಕೊನೆಗೆ ಉಳಿದದ್ದು ನನ್ನದೊಂದೇ. ಆ ಒಂದನ್ನು ನಾನು ಕೈಯಾರೆ ಹಿಡಿದುಕೊಂಡು ಕೊಯ್ಯಿಸಿದೆ. ಇಪ್ಪತ್ತೆರಡು ವರ್ಷ ದಿನಾ ಬೆಳಗ್ಗೆ ನನ್ನ ಕತ್ತಿಗೆ ಕೊರಳು ಕೊಟ್ಟು ಕಣ್ಣು ಮುಚ್ಚಿದ ಮನುಷ್ಯ ಅವರು. ನನಗೆ ನಾಚಿಕೆಯಾಗುತ್ತಿದೆ, ಮಾನ್ಯರೇ.

ಎಕುವಾಳನ್ನು ರಾಜಿಗೆ ಕಳಿಸಿದ್ದೆ, ಅವಳು ನಡೆದದ್ದನ್ನೆಲ್ಲ ಹೇಳಿಬಿಟ್ಟಳು. ಮಾಸ್ಟರು, "ಬರೀಲಿ. ಹಿಡ್ಕೊಂಡೆ ಅಂತ ಬರೀಲಿ. ಬರೆದು ಇಲ್ಲಿ ಬೆಂಚಿನ ಮುಂದೆ ನಿಂತು ಎಲ್ಲರಿಗೂ ಕೇಳೋ ಹಾಗೆ ಓದ್ಲಿ. ಆಮೇಲೆ ಗಲ್ಲದ ಮಾತು," ಎಂದರಂತೆ. ಆದ್ದರಿಂದ ಈ ಪತ್ರ ತಮಗೆ ತಲುಪುವ ಮೊದಲೇ ಲಾಟರಿ ಗೂಡಂಗಡಿಯ ಮುಂದೆ ಬಹಿರಂಗವಾಗಿರುತ್ತದೆ. ತಮ್ಮ ಗೌರವಕ್ಕೆ ಇದರಿಂದ ಕುಂದಾದರೆ ಕ್ಷಮಿಸಿ, ನನ್ನ ಗೌರವಕ್ಕೂ ಆಗಿದೆ.

ತಮ್ಮಲ್ಲಿ ನನ್ನ ಬೇಡಿಕೆ ಬಹಳ ಸಣ್ಣದು. ಮುಂದಿನ ಕ್ಯಾಟಲಾಗಿನ ಮೊದಲ ಪುಟದಲ್ಲಿ, ಎಬೋ ಅಮಿಸ್ಸಾ ಎಂಬುವರು ಬದುಕಿದ್ದಾರೆ, ಮಧ್ಯಾಹ್ನಕ್ಕೆ ಎರಡು ಉಂಡೆ ಕೆಂಕೆಯನ್ನೂ ಕರಿದ ಮೀನನ್ನೂ ತಿನ್ನುತ್ತಾರೆ, ಮೂರನೆಯ ಉಂಡೆಗೆ ಬೇಡ ಬೇಡ ಎನ್ನುತ್ತಲೇ ಕೈ ಚಾಚುತ್ತಾರೆ ಎಂದು ದಪ್ಪಕ್ಷರಗಳಲ್ಲಿ ಅಚ್ಚು ಹಾಕಿಸಬೇಕು. ಬೋರ್ಡು ಕೊಂಡವರ ಗೋಡೆಗೂ ಆ ಹೆಸರು ತಲುಪಬೇಕು. ಇಲ್ಲ, ನಮ್ಮ ಮಂದಿರ ಒಮ್ಮೆ ಸತ್ತರು ಅಂದರೆ ಸತ್ತಂತೆಯೇ ಎಂದು ತಾವು ಹಟ ಹಿಡಿಯುವುದಾದರೆ ಅದಕ್ಕೂ ನಮ್ಮ ಅಭ್ಯಂತರವಿಲ್ಲ. ಆದರೆ ನಮ್ಮ ಕಡೆ ಅರವತ್ತೇಳರ ಮನುಷ್ಯನನ್ನು ಹೀಗೆ ಎರಡು ಪದದಲ್ಲಿ ಸಾಯಿಸಿ ಕೈತೊಳೆದುಕೊಳ್ಳುವ ರೂಢಿಯಿಲ್ಲ. ಶಾಮಿಯಾನ ಹಾಕಿಸಬೇಕು, ಇನ್ನೂರು ಕುರ್ಚಿ ತರಿಸಬೇಕು, ಬ್ಯಾಂಡ್‌ಸೆಟ್ ಬರಬೇಕು, ಗೋಡೆ ಗೋಡೆಗೆ ದೊಡ್ಡ ಫೋಟೋದ ಪೋಸ್ಟರು ಬೀಳಬೇಕು. ಸಾವನ್ನು ಮೊದಲು ಸಾರಿದವರು ತಾವಾದ್ದರಿಂದ ತಾವೇ ಕಪ್ಪು ಬಟ್ಟೆ ಹೊದ್ದು ಮುಂದಿನ ಸಾಲಿನಲ್ಲಿ ಕೂರಬೇಕು. ಪೋಸ್ಟರನ್ನು ದಿವಂಗತರೇ ಬರೆದುಕೊಡಲು ಒಪ್ಪಿದ್ದಾರೆ. ಊಟಕ್ಕೂ ನಿಲ್ಲುತ್ತಾರಂತೆ.

ತಮ್ಮ ಸುತ್ತಿಗೆ ಚಿರಾಯುವಾಗಿರಲಿ ಎಂದು ಹಾರೈಸುತ್ತ,

ತಮ್ಮ ವಿಶ್ವಾಸಿ,
ಕೋಬಿನಾ ಬೆಂಟ್ಸಿಲ್,
ಬೋರ್ಡು ಹಿಡಿದುಕೊಂಡವನು.

ತಾ.ಕ.: ಮಂಗಳವಾರ ಪತ್ರವನ್ನು ಬೆಂಚಿನ ಮುಂದೆ ನಿಂತು ಓದಿದೆ. ಗರಗಸದ ಸಾಲಿಗೆ ಬಂದಾಗ ದನಿ ತಗ್ಗಿಸಿದೆ, "ಜೋರಾಗಿ ಓದೋ, ಹಿಂದೆ ನಿಂತಿರೋರಿಗೆ ಕೇಳ್ತಿಲ್ಲ," ಎಂದರು ಮಾಸ್ಟರು. ಮುಗಿದ ಮೇಲೆ ರಸ್ತೆ ದಾಟಿ ಬಂದು, ಕುರ್ಚಿಯಲ್ಲಿ ಕೂತು, ಬಲಗೆನ್ನೆಯನ್ನು ಬೆಳಕಿಗೆ ತಿರುಗಿಸಿ ಕಣ್ಣು ಮುಚ್ಚಿದರು. ಕತ್ತಿಯನ್ನು ಎರಡೆರಡು ಸಲ ಮಸೆದು ಬೋಳಿಸಿದೆ. ಒಂದು ಗೀರೂ ಆಗಲಿಲ್ಲ.

ಫ್ಲೆಕ್ಸು ಇಳಿದಿದೆ. ಹೊಸ ಬೋರ್ಡು ನಿನ್ನೆ ಏರಿತು, ಪೂರ್ತಿ ಅವರ ಕೈಯದೇ. ಹೆಸರನ್ನು ಕೆಳಗೆ ಬರೆಯುವುದಿಲ್ಲವೇ ಎಂದು ಕೇಳಿದ್ದಕ್ಕೆ, "ಕೆಳಗೆ ಬರೆದ್ರೆ ಗರಗಸ ಬರುತ್ತೆ ಕಣೋ," ಎಂದರು. ಈ ಸಲ ಹತ್ತು ತಲೆಗಳು, ಒಂದೇ ಸಾಲಿನಲ್ಲಿ. ಪ್ರತಿ ತಲೆಯ ಕೂದಲಿನಲ್ಲೂ ಒಂದೊಂದು ಅಂಕಿಯನ್ನು ಬೋಳಿಸಿದ ಹಾಗೆ ಬರೆದಿದ್ದಾರೆ. ಎಡದಿಂದ ಬಲಕ್ಕೆ ಓದಿಕೊಂಡು ಹೋದರೆ ಅವರ ಮೊಬೈಲ್ ನಂಬರು. ತಮ್ಮ ಕಲಾಪ್ರೇಮಿಗಳು ಇದನ್ನೂ ನೋಡಲು ಬರುತ್ತಾರೆಂದು ಬಲ್ಲೆ, ಗರಗಸವನ್ನು ಧಾರಾಳವಾಗಿ ತರಲಿ, ಯಾವ ತಲೆ ಬೇಡವೆಂದು ಅವರೇ ಆರಿಸಿಕೊಳ್ಳಲಿ. ಹೊರಡುವ ಮುನ್ನ ಮಾತ್ರ ಆ ನಂಬರಿಗೆ ಒಂದು ಫೋನು ಮಾಡಬೇಕಾಗಿ ವಿನಂತಿ. ದಿವಂಗತರೇ ಎತ್ತುತ್ತಾರೆ.