ಪಂಪಿನ ಮೇಲೆ ಮೂರು ಬೆರಳು

ಹೈದರಾಬಾದಿನಿಂದ ಬಂದ ಪಂಪಿನ ಸೀಲುಗಳ ಡಬ್ಬಿಯೊಳಗೆ ಆ ನೇರಳೆ ಟಾರ್ಚು ಇಲ್ಲದೆ ಹೋಗಿದ್ದರೆ ಅಂಬರೀಶನ ದಿನ ಎಲ್ಲರ ದಿನದಂತೆಯೇ ಕಳೆಯುತ್ತಿತ್ತು. ಕಣ್ಣಿಗೆ ಕಾಣದ್ದನ್ನು ಕಾಣಿಸುವ ವಸ್ತುಗಳು ಅಂಜುಬುರುಕರ ಕೈಗೆ ಬರಬಾರದು. ಅಂಬರೀಶನಾದರೋ ಕತ್ತಲಲ್ಲಿ ನೇತುಹಾಕಿದ ತನ್ನದೇ ಅಂಗಿಗೆ ‘ಯಾರ್ರೀ ಅದು?’ ಎಂದು ಕೇಳಿ, ಉತ್ತರಕ್ಕೆ ಕಾಯುವವನು.

ತಾಂಡೂರಿನ ಸ್ಟೇಷನ್ನಿನ ಹಿಂದಿನ ಓಣಿಯಲ್ಲಿ ಬಂಡೆಪ್ಪ ಸಾವಕಾರರ ಗ್ಯಾಸಿನ ಅಂಗಡಿ. ಅಂಬರೀಶ ನಾರಾಯಣಖೇಡದಿಂದ ಬಂದು ಅಲ್ಲಿ ಮೆಕ್ಯಾನಿಕ್ ಆಗಿ ಸೇರಿ ಇನ್ನೂ ಬಹಳ ಕಾಲವಾಗಿರಲಿಲ್ಲ. ಗಣಿಯಲ್ಲಿ ಕಲ್ಲು ಒಡೆಯುವ ಯಂತ್ರಗಳಿಗೆ ನೈಟ್ರೋಜನ್ ಒತ್ತಿ ತುಂಬಲೆಂದು ಸಾವಕಾರರು ಒಂದು ಬೂಸ್ಟರ್ ಪಂಪು ಕೊಂಡಿದ್ದರು. ನಡುವೆ ಉಕ್ಕಿನ ಕೊಳವೆ, ಎರಡೂ ಕಡೆ ದಪ್ಪ ತಲೆ. ಯಾವುದೋ ದೊಡ್ಡ ಪ್ರಾಣಿ ಕಚ್ಚಿ ಬಿಟ್ಟುಹೋದ ಮೂಳೆಯ ಹಾಗಿತ್ತು.

“ಇದನ್ನ ಆಕ್ಸಿಜನ್ನಿಗಿ ತಿರುಗಿಸು,” ಎಂದಿದ್ದರು ಸಾವಕಾರರು. “ದೊಡ್ಡ ಸಿಲಿಂಡರಿನಾಗ ಉಳದದ್ದು ಸಣ್ಣದಕ್ಕ ಒತ್ತಿ ತುಂಬಿದ್ರಾತು. ಅಕ್ಕ ಸಂಜಿಗಿ ಜಹೀರಾಬಾದಿಗಿ ಹೋಗಬೇಕು. ಮೊಮ್ಮಗಳ ತೊಟ್ಟಿಲ ಅದ.”

ಅವರ ಅಕ್ಕ ಸುಮಿತ್ರಾಬಾಯಿಯ ಮನೆಗೆ ಗೋಡೆಯಾಚೆಯೇ ನೆಲಕ್ಕೆ ಹಾಸುವ ಫರಸಿ ಕಲ್ಲು ಉಜ್ಜುವ ಕಾರ್ಖಾನೆ. ಕಲ್ಲಿನ ಹಿಟ್ಟು ಅವಳ ಎದೆಯಲ್ಲಿ ಕೂತು ಈಗ ಮೂಗಿಗೆ ನಳಿಗೆ ಬಂದಿತ್ತು. ಸಣ್ಣ ಸಿಲಿಂಡರು ತುಂಬದೆ ಅವಳು ಊರು ದಾಟುವಂತಿರಲಿಲ್ಲ.

ತಿರುಗಿಸುವ ಕೆಲಸ ಅಂಬರೀಶನಿಗೆ ಗೊತ್ತಿತ್ತು. ಗೊತ್ತಿದ್ದದ್ದೇ ಅವನ ಅಂಜಿಕೆಗೆ ಕಾರಣ. ನೈಟ್ರೋಜನ್ ಎಣ್ಣೆಯನ್ನು ಸಹಿಸುತ್ತದೆ. ಒತ್ತಡದಲ್ಲಿರುವ ಆಕ್ಸಿಜನ್ ಸಹಿಸುವುದಿಲ್ಲ. ಒಂದು ಹನಿ ಎಣ್ಣೆ, ಒಂದು ಬೆರಳಿನ ಜಿಡ್ಡು ಸಾಕು. ಕಡ್ಡಿ ಗೀರಬೇಕಾಗಿಲ್ಲ, ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಹೊತ್ತಿದರೆ ಉಕ್ಕನ್ನೂ ಬಿಡುವುದಿಲ್ಲ. ವಾಲ್ವು ತಿರುಗಿಸುವ ಕೈ ಅಂಬರೀಶನದು. ಆ ಕೈಯ ಹಿಂದೆ ಉಳಿದ ಅಂಬರೀಶನೂ ನಿಂತಿರಬೇಕಾಗುತ್ತದೆ.

ಆದ್ದರಿಂದ ಅವನು ಪಂಪಿನ ಒಂದೊಂದು ತುಂಡನ್ನೂ ಬಿಚ್ಚಿದ್ದ. ಹಳೆಯ ಸೀಲು ಎಸೆದು ಆಕ್ಸಿಜನ್ನಿಗೆ ಹೊಂದುವ ಹೊಸ ಸೀಲು ಹಾಕಿದ್ದ. ಜಿಡ್ಡು ತೆಗೆಯುವ ದ್ರಾವಣದಲ್ಲಿ ತೊಳೆದು, ಒಣಗಿಸಿ, ಕೈಗವಸು ತೊಟ್ಟು ಜೋಡಿಸಿದ್ದ. ಕೂಸಿಗೆ ಎರೆದ ಹಾಗೆ ಎರೆದಿದ್ದ, ಎಣ್ಣೆಯೊಂದನ್ನು ಬಿಟ್ಟು. ಉಳಿದದ್ದು ಕೊನೆಯ ಪರೀಕ್ಷೆ. ಕೋಣೆ ಕತ್ತಲು ಮಾಡಿ ನೇರಳೆ ಟಾರ್ಚು ಬಿಟ್ಟರೆ, ಎಲ್ಲಾದರೂ ಎಣ್ಣೆ ಉಳಿದಿದ್ದರೆ ಹೊಳೆಯುತ್ತದೆ.

ಬೆಳಿಗ್ಗೆ ಬೀಗ ತೆಗೆದು ಒಳಹೋಗಿ, ಕಿಟಕಿಗೆ ಕಪ್ಪು ಪ್ಲಾಸ್ಟಿಕ್ ಬಿಗಿದು, ಟಾರ್ಚು ಬಿಟ್ಟ.

ಪಂಪು ಕತ್ತಲಲ್ಲಿ ಮುಳುಗಿಹೋಯಿತು. ಅದರ ನೆತ್ತಿಯಲ್ಲಿ, ಆಕ್ಸಿಜನ್ ಒಳಹೋಗುವ ಬಾಯಿಯ ಮೇಲೆ ಮಾತ್ರ ಮೂರು ಗೆರೆಗಳು ತೇಲುತ್ತಿದ್ದವು. ತಿಳಿನೀಲಿ, ಅಡ್ಡಡ್ಡ, ಒಂದರ ಕೆಳಗೆ ಒಂದು. ಯಾರೋ ಮೂರು ಬೆರಳು ಎಳೆದು ವಿಭೂತಿ ಹಚ್ಚಿದ ಹಾಗೆ. ದೇವರ ಕೋಣೆಯಲ್ಲಿ ಕಂಡಿದ್ದರೆ ಅಂಬರೀಶ ಕೈ ಮುಗಿಯುತ್ತಿದ್ದ. ಇಲ್ಲಿ ಅವನ ಕೈ ದೀಪದ ಗುಂಡಿ ಹುಡುಕಿತು.

ದೀಪ ಹಾಕಿದ. ಏನೂ ಇಲ್ಲ. ಆರಿಸಿದ. ಇವೆ.

ಕೋಣೆಯ ಕೀಲಿ ಇದ್ದದ್ದು ಒಂದೇ, ಅದು ಅವನ ಸೊಂಟದ ಉಡದಾರಕ್ಕೆ ಕಟ್ಟಿತ್ತು.

ಗೆರೆಗಳನ್ನು ಒರೆಸಿ, ಮತ್ತೆ ಟಾರ್ಚು ಬಿಟ್ಟು, ಶುದ್ಧವೆಂದು ಖಾತ್ರಿ ಮಾಡಿಕೊಂಡು, ಬೀಗ ಹಾಕಿ ಎದುರಿನ ವೀರಭದ್ರನ ಬಜ್ಜಿ ಬಂಡಿಗೆ ಚಹಾ ಕುಡಿಯಲು ಹೋದ. ಬಾಯಿ ಬಿಡಬಾರದಿತ್ತು. ಬಿಟ್ಟ.

ವೀರಭದ್ರ ಎಣ್ಣೆಯಲ್ಲಿ ಮುಳುಗಿದ್ದ ಜಾಲರಿಯನ್ನು ಎತ್ತುವುದನ್ನೇ ಮರೆತ. “ಮೂರು ಗೆರಿ? ನೆತ್ತಿ ಮ್ಯಾಲ?”

“ಹೌದ್ರೀ ಕಾಕಾ.”

“ಹಂಗಾದ್ರ ಖಂಡೆಪ್ಪ ಬಂದಾನ.” ಬಜ್ಜಿ ಕಪ್ಪಾಗುತ್ತಿತ್ತು. “ನಿನಗಿಂತ ಮುಂಚೆ ಅಲ್ಲಿ ಅವನೇ ಮೆಕ್ಯಾನಿಕ್. ದೊಡ್ಡ ಭಕ್ತ. ಯಾವ ಮಷೀನ್ ಮುಟ್ಟಿದರೂ ಮೂರು ಬೆರಳು ವಿಭೂತಿ ಹಚ್ಚೇ ಚಾಲು ಮಾಡಾಂವ. ನನ್ನ ಸ್ಟೋವಿಗೂ ಹಚ್ಯಾನ.”

“ಈಗೆಲ್ಲಿ ಅದಾರ್ರೀ?”

“ಈಗ ಎಲ್ಲಿ ಅಂದ್ರ…” ವೀರಭದ್ರ ಮೇಲೆ ನೋಡಿದ. ಬಂಡಿಯ ತಗಡಿಗಿಂತಲೂ ಮೇಲೆ.

ಅಂಬರೀಶ ಅರ್ಧ ಚಹಾ ಬಿಟ್ಟು ಬಂದು ಬಾಗಿಲು ತೆಗೆದ. ಕತ್ತಲು ಮಾಡಿದ. ಟಾರ್ಚು ಬಿಟ್ಟ. ಮೂರು ಗೆರೆ. ಈ ಸಲ ಹಸಿಯಾಗಿಯೇ ಇದ್ದಂತೆ ಕಂಡವು.

ಸುದ್ದಿ ಬಜ್ಜಿಯ ವಾಸನೆಗಿಂತ ಮೊದಲು ಓಣಿ ತುಂಬಿತು. ಪಕ್ಕದ ಹಿಟ್ಟಿನ ಗಿರಣಿಯ ಜಗದೇವಿ ಹುಬ್ಬಿನ ತನಕ ಜೋಳದ ಹಿಟ್ಟಿನಲ್ಲೇ ಬಂದಳು. ಬಿಳಿ ಮುಖ, ಬಿಳಿ ಕೈ. ಕೈಯಲ್ಲಿ ತುಂಬ ಎಣ್ಣೆಯಿದ್ದ, ಉರಿಯುವ ಹಣತೆ. ಮಂದ ಬೆಳಕಿನಲ್ಲಿ ಅವಳನ್ನು ಕಂಡ ಅಂಬರೀಶ, ಖಂಡೆಪ್ಪ ಹೆಂಡತಿಯನ್ನೂ ಕರೆದುಕೊಂಡು ಬಂದನೆಂದು ತಿಳಿದು ಸಿಲಿಂಡರನ್ನು ತಬ್ಬಿಕೊಂಡ.

“ಬಾಜೂಕ ಸರಿಯೋ ತಮ್ಮಾ, ಮಷೀನಿಗಿ ದೀಪ ತೋರಸ್ತೀನಿ.”

“ಯಕ್ಕಾ, ಬ್ಯಾಡ್ರೀ! ಎಣ್ಣಿ ಅದ! ಮ್ಯಾಲ ಬೆಂಕಿನೂ ಅದ!”

“ದೀಪದಾಗ ಎಣ್ಣಿ, ಬೆಂಕಿ ಇರಲಾರ್ದ ಏನ್ ನೀರು, ಮೀನು ಇರ್ತಾವೇನು?”

ಬಾಗಿಲಲ್ಲಿ ಎಳೆದಾಟವಾಯಿತು. ಹಣತೆ ಹೊಸ್ತಿಲ ಹೊರಗೇ ಉಳಿಯಿತು, ಜಗದೇವಿ ಒಳಗೆ ಉಳಿದಳು. ಅವಳ ಬೆನ್ನಿಗೆ ವೀರಭದ್ರನೂ ನುಗ್ಗಿದ. ಇವರಿಬ್ಬರಲ್ಲಿ ಒಬ್ಬರದೇ ಕೈಚಳಕವಿರಬೇಕೆಂದು ಅಂಬರೀಶನಿಗೆ ಒಮ್ಮೆಲೇ ಅನ್ನಿಸಿತು. ದೀಪ ಆರಿಸಿ ಅವರ ಮೇಲೆಯೇ ಟಾರ್ಚು ಹಿಡಿದ.

ಅದನ್ನು ಅವನು ಮಾಡಬಾರದಿತ್ತು. ಜಗದೇವಿಯ ಬೈತಲೆ ನೀಲಿಯಾಗಿ ಹೊತ್ತಿತು. ವೀರಭದ್ರನ ಮೀಸೆ ಹೊಳೆಯಿತು, ಆಮೇಲೆ ಗದ್ದ, ಆಮೇಲೆ ಎರಡು ಅಂಗೈ. ಮೈಯಿಲ್ಲದೆ ಮೀಸೆ ಮತ್ತು ಅಂಗೈಗಳು ಕತ್ತಲಲ್ಲಿ ತಮ್ಮಷ್ಟಕ್ಕೆ ಅಲುಗಾಡುತ್ತಿದ್ದವು.

“ಏನ್ ನೋಡ್ತೀಯೋ ಹಂಗ?” ಎಂದಿತು ಮೀಸೆ.

“ನಿಮ್ಮ ಬೆರಳು ತೋರಸ್ರೀ.”

ಬೆರಳು ಹೊಂದಲಿಲ್ಲ. ವೀರಭದ್ರನದು ಮಿರ್ಚಿ ಬಜ್ಜಿಯಷ್ಟು ದಪ್ಪ, ಜಗದೇವಿಯದು ಹಿಟ್ಟು ಹತ್ತಿ ಗೆರೆಯನ್ನೇ ಬಿಡದು. ಪಂಪಿನ ಮೇಲಿನ ಬೆರಳುಗಳು ತೆಳುವಾಗಿದ್ದವು. ಸಾವಧಾನದ ಬೆರಳುಗಳು. ಯಾವ ಗಡಿಬಿಡಿಯೂ ಇಲ್ಲದವನ ಬೆರಳುಗಳು.

“ಖಂಡೆಪ್ಪಂದು ಸಣ್ಣ ಬೆರಳು,” ಎಂದಳು ಜಗದೇವಿ ಮೆಲ್ಲಗೆ. “ಬಳಿ ತೊಡಸಬಹುದಿತ್ತು, ಅಂಥಾ ಕೈ.”

ಅಷ್ಟರಲ್ಲಿ ಕತ್ತಲಲ್ಲೇ, ಅವರ ಬೆನ್ನ ಹಿಂದೆ, ಯಾರೋ ಉಸಿರಾಡಿದರು. ಹಿಸ್ಸ್… ನಿಂತಿತು. ಹಿಸ್ಸ್… ಮತ್ತೆ ನಿಂತಿತು. ಅದು ಮನುಷ್ಯರ ಉಸಿರಿನ ಸದ್ದಲ್ಲ. ವೀರಭದ್ರ ಅಂಬರೀಶನ ಹಿಂದೆ ಅಡಗಿದ, ಅಂಬರೀಶ ಜಗದೇವಿಯ ಹಿಂದೆ ಅಡಗಿದ. ಜಗದೇವಿಗೆ ಅಡಗಲು ಗೋಡೆ ಮಾತ್ರ ಉಳಿದಿತ್ತು. ಅವಳು ತಡಕಾಡಿ ದೀಪ ಹಾಕಿದಳು.

ಬಾಗಿಲಲ್ಲಿ ಸುಮಿತ್ರಾಬಾಯಿ, ಮೂಗಿಗೆ ನಳಿಗೆ, ಪಕ್ಕದಲ್ಲಿ ಗಾಲಿಯ ಮೇಲೆ ಸಿಲಿಂಡರು. ಹಿಂದೆ ಸಾವಕಾರರು.

“ಕತ್ತಲಿನಾಗ ಏನ್ ಆಟ ಹಚ್ಚೀರೋ ನಾಕಾಣಿ ಬುದ್ಧಿ ಇಲ್ಲದವ್ರು?” ಎಂದಳು ಮುದುಕಿ. “ಇದರ ಮೀಟರಿನ ಮುಳ್ಳು ತಳಕ್ಕ ಬಂದದ. ನಾ ತೊಟ್ಟಿಲಕ ಹೋಗಬೇಕೋ, ಮ್ಯಾಲಕ ಹೋಗಬೇಕೋ, ಒಂದು ಹೇಳಿಬಿಡ್ರಿ.”

ಸಾವಕಾರರು ಗೆರೆಗಳ ಸಂಗತಿ ಕೇಳಿದರು. ಅವರ ಮುಖದ ಬಣ್ಣ ಒರಟು ಫರಸಿಯದಾಯಿತು.

“ಸಾವಕಾರ್ರೀ, ಖಂಡೆಪ್ಪಣ್ಣ ಹ್ಯಾಂಗ ಹೋದ್ರು?” ಎಂದು ಕೇಳಿದ ಅಂಬರೀಶ.

“ಮಷೀನಿನ ಮುಂದ ಆ ಮಾತು ಬ್ಯಾಡ,” ಎಂದರು ಸಾವಕಾರರು. “ನೀ ಒರಸು.”

ಅಂಬರೀಶ ಒರೆಸಿದ. ಆದರೆ ಈ ಸಲ ಒಂದು ಉಪಾಯ ಮಾಡಿದ. ಎಲ್ಲರನ್ನೂ ಹೊರಗೆ ಕಳಿಸಿ, ತನ್ನ ಫೋನನ್ನು ಮೂಲೆಯ ಕಪಾಟಿನ ಮೇಲೆ ಪಂಪು ಕಾಣುವ ಹಾಗೆ ನಿಲ್ಲಿಸಿ, ವಿಡಿಯೋ ಚಾಲು ಮಾಡಿದ. ಪಂಪನ್ನು ಮತ್ತೆ ಶುದ್ಧ ಮಾಡಿ, ಟಾರ್ಚಿನಲ್ಲಿ ಪರೀಕ್ಷಿಸಿ, ದೀಪ ಹಾಕಿ, ಹೊರಬಂದು, ಬೀಗ ಜಡಿದು, ಬಾಗಿಲಿಗೇ ಬೆನ್ನು ಕೊಟ್ಟು ಕೂತ. ಅವನ ಸುತ್ತ ಉಳಿದವರೂ ಕೂತರು. ಒಳಗಿನಿಂದ ಒಂದು ಸದ್ದಿಲ್ಲ. ವಾಡಿಯ ಕಡೆ ಹೋಗುವ ಗೂಡ್ಸು ರೈಲು ನೆಲ ನಡುಗಿಸಿ ಹೋಯಿತು. ಸುಮಿತ್ರಾಬಾಯಿಯ ನಳಿಗೆ ಹಿಸ್ಸ್ ಎನ್ನುತ್ತಿತ್ತು, ನಿಲ್ಲುತ್ತಿತ್ತು. ನಿಂತಾಗಲೆಲ್ಲ ಎಲ್ಲರೂ ಅವಳ ಕಡೆ ನೋಡುತ್ತಿದ್ದರು.

ಬಾಗಿಲು ತೆಗೆದರು. ಕತ್ತಲು. ಟಾರ್ಚು. ಮೂರು ಗೆರೆ.

ಜಗದೇವಿ “ಯವ್ವಾ” ಎಂದಳು. ಅಂಬರೀಶ ಫೋನು ಇಳಿಸಿ ತಂದ. ಐದು ತಲೆಗಳು ಅದರ ಮೇಲೆ ಬಾಗಿದವು.

ತೆರೆಯ ಮೇಲೆ ಅಂಬರೀಶನೇ ಪಂಪು ಒರೆಸುತ್ತಿದ್ದ.

“ಇದನ್ನ ಮುಂದ ಓಡಸೋ,” ಎಂದ ವೀರಭದ್ರ. “ನೀ ಹೋದ ಮ್ಯಾಲ ಬರ್ತಾನ ಅಂವ.”

ಮುಂದೆ ಓಡಿಸಬೇಕಾಗಲಿಲ್ಲ. ತೆರೆಯ ಮೇಲಿನ ಅಂಬರೀಶ ಪರೀಕ್ಷೆ ಮುಗಿಸಿ, ದೀಪ ಹಾಕಿ, ಕೈಗವಸು ಕಳಚಿದ. ಹೊರಡಲು ತಿರುಗಿದ. ಆಮೇಲೆ, ಯಾರೋ ಕರೆದ ಹಾಗೆ, ನಿಂತ. ಕಣ್ಣು ಮುಚ್ಚಿದ. ಎಡಗೈಯ ಮೂರು ಬೆರಳು ಹಣೆಗೆ ಹೋದವು. ಬೆಳಗಿನ ವಿಭೂತಿಯ ಮೇಲೆ, ತಲೆಯ ಎಣ್ಣೆ ಬೆವರಿನೊಡನೆ ಇಳಿದ ಜಾಗದಲ್ಲಿ, ನಿಧಾನವಾಗಿ ಆಡಿದವು. ಅದೇ ಬೆರಳುಗಳು ಪಂಪಿನ ನೆತ್ತಿಗೆ ಹೋಗಿ ಮೂರು ಗೆರೆ ಎಳೆದವು. ತುಟಿ ಏನೋ ಪಠಿಸಿತು. ಮುಖ ಅವನದೇ. ಅಷ್ಟು ಶಾಂತವಾದ ತನ್ನ ಮುಖವನ್ನು ಮಾತ್ರ ಅಂಬರೀಶ ಎಂದೂ ಕಂಡಿರಲಿಲ್ಲ. ಆ ಮುಖ ಕಣ್ಣು ತೆರೆದು, ಏನೂ ಆಗೇ ಇಲ್ಲವೆಂಬ ಹಾಗೆ ಬಾಗಿಲು ಎಳೆದುಕೊಂಡು ಹೋಯಿತು.

ಮೊದಲು ನಕ್ಕವನು ಅಂಬರೀಶ. ನಗು ಅಳುವಿನ ಪಕ್ಕದಲ್ಲೇ ಇತ್ತು.

“ನಾನೇ ರೀ! ನಮ್ಮ ಮನ್ಯಾಗ ಹಿಂಗೇ. ನಮ್ಮಪ್ಪ ಟ್ರ್ಯಾಕ್ಟರಿಗಿ ಹಚ್ಚತಿದ್ದ, ನಮ್ಮವ್ವ ಬೀಸೋ ಕಲ್ಲಿಗಿ ಹಚ್ಚತಿದ್ಳು. ತಮ್ಮ ಹಣೀ ಮ್ಯಾಲಿನ ವಿಭೂತಿನೇ ಮಷೀನಿಗಿ. ಆಕಳಿಕಿ ಬಂದಂಗ ಬಂದುಬಿಡ್ತದ, ನಮಗೇ ತಿಳಿಯೂದಿಲ್ಲ. ದೆವ್ವ ಇಲ್ಲ, ಏನಿಲ್ಲ!”

“ಎಡಗೈಲೆ ಹಚ್ಚಿದಿ,” ಎಂದಳು ಜಗದೇವಿ.

“ಬಲಗೈಯಾಗ ಟಾರ್ಚ್ ಇತ್ತಲ್ರೀ ಯಕ್ಕಾ.”

“ಖಂಡೆಪ್ಪನೂ ಎಡಚ,” ಎಂದರು ಸಾವಕಾರರು.

“ಸಾವಕಾರ್ರೀ, ಟಾರ್ಚ್ ಇತ್ತು…”

“ಬಲಗೈಯಾಗ ಟಾರ್ಚ್ ಹಿಡಿಸಿದವ್ರು ಯಾರು ಮತ್ತ?” ಎಂದ ವೀರಭದ್ರ.

ಸುಮಿತ್ರಾಬಾಯಿಯ ತುಟಿ ನೀಲಿಯಾಗುತ್ತಿತ್ತು. ವಾದಕ್ಕೆ ಹೊತ್ತಿರಲಿಲ್ಲ. ಅಂಬರೀಶ ಹಣೆಯನ್ನು ಸೋಪಿನಿಂದ ಉಜ್ಜಿ ತೊಳೆದ. ತಲೆಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡ. ಹೊಸ ಕೈಗವಸು ತೊಟ್ಟು, ಮಣಿಕಟ್ಟಿಗೆ ಟೇಪು ಸುತ್ತಿಸಿಕೊಂಡ. ಪಂಪನ್ನು ಒರೆಸಿ, ಟಾರ್ಚು ಬಿಟ್ಟು ನೋಡಿದ: ಬರೀ ಕತ್ತಲು, ಕೆರೆಯ ತಳದಂಥ ಕತ್ತಲು. ಎಲ್ಲರನ್ನೂ ಹೊರಗೆ ಹಾಕಿ, ದೊಡ್ಡ ಸಿಲಿಂಡರಿಗೂ ಖಾಲಿಯಿದ್ದ ಸಣ್ಣ ಸಿಲಿಂಡರಿಗೂ ಪಂಪಿನ ನಳಿಗೆ ಜೋಡಿಸಿ, ವಾಲ್ವನ್ನು ಇರುವೆ ನಡೆಯುವಷ್ಟು ನಿಧಾನವಾಗಿ ತಿರುಗಿಸಿದ.

ಟಕ್. ಟಕ್. ಟಕ್.

ಮುಳ್ಳು ಏರಿತು. ಪಂಪು ಹಳೆಯ ಗಡಿಯಾರದಂತೆ ತನ್ನಷ್ಟಕ್ಕೆ ಬಡಿಯಿತು. ಕೊಳವೆ ಬೆಚ್ಚಗಾದಾಗ ಅವನು ನಿಲ್ಲಿಸಿದ, ತಣ್ಣಗಾದ ಮೇಲೆ ಮತ್ತೆ ನಡೆಸಿದ. ಹೊತ್ತು ಇಳಿಯುವ ಮೊದಲೇ ಸಣ್ಣ ಸಿಲಿಂಡರು ತುಂಬಿತ್ತು, ಅಂಬರೀಶನಿಗೆ ಎರಡೂ ಕೈ ಇದ್ದವು, ಹುಬ್ಬು ಕೂಡ ಇದ್ದವು. ಸುಮಿತ್ರಾಬಾಯಿ ಹೊಸ ಗಾಳಿ ಎಳೆದುಕೊಂಡು, ಬಣ್ಣ ಬಂದ ಮೇಲೆ ಎಲ್ಲರಿಗೂ ಒಂದು ಸುತ್ತು ಬೈದು, ಕಾರು ಹತ್ತಿ ಜಹೀರಾಬಾದಿಗೆ ಹೋದಳು.

ಅಂಬರೀಶ ತಲೆಯ ಚೀಲ ಬಿಚ್ಚಿದ. ಇಷ್ಟು ಹಗುರವಾಗಿ ಅವನು ಎಂದೂ ಉಸಿರಾಡಿರಲಿಲ್ಲ.

ಸಾವಕಾರರು ಬಂದು ಅವನ ಭುಜದ ಮೇಲೆ ಕೈ ಇಟ್ಟರು. ಅವರ ಕಣ್ಣು ತುಂಬಿತ್ತು. “ಖಂಡೆಪ್ಪ ಒಪ್ಪಿದ,” ಎಂದರು. “ನಾಳಿಂದ ದಿನಾ ನೀ ಮೂರು ಬೆರಳು ಹಚ್ಚೇ ಪಂಪು ಚಾಲು ಮಾಡಬೇಕು. ಕೈಗವಸು ಬ್ಯಾಡ. ಹಣಿ ತೊಳೀಬ್ಯಾಡ.”

“ಸಾವಕಾರ್ರೀ! ಒರಸಿದ್ದಕ್ಕೇ ಅದು ನಡೀತು!”

“ಮುಂಜಾನಿಂದ ಒರಸ್ಲಾಕ ಹತ್ತಿದ್ದಿ. ನಡೀತೇನು?”

“ನಾ ಚಾಲೂನೇ ಮಾಡಿದ್ದಿಲ್ರೀ!”

“ಯಾಕ ಮಾಡಿದ್ದಿಲ್ಲ?”

“ಗೆರಿ ಇದ್ವಲ್ರೀ, ಅದಕ್ಕ…”

“ಮತ್ತ!” ಸಾವಕಾರರು ಓಣಿಯ ಕಡೆ ತಿರುಗಿದರು. ವೀರಭದ್ರನೂ ಜಗದೇವಿಯೂ ಅವರ ಹಿಂದೆ ಕೈ ಮುಗಿದು ನಿಂತಿದ್ದರು; ಮುಗಿದದ್ದು ಪಂಪಿಗಲ್ಲ, ಅಂಬರೀಶನ ಎಡಗೈಗೆ. “ನಿಲ್ಲಿಸಿದಾಂವ ಅಂವ, ನಡಸಿದಾಂವ ಅಂವ. ನಿನ್ನ ಕೈಯಾಗ ಬಂದು ಕುಂತಾನ.”

ಆ ಮಾತು ಆಡಬಾರದೆಂದು ಅವರು ಹೇಳಿದ್ದರೂ ಅಂಬರೀಶ ಮತ್ತೆ ಕೇಳಿದ. “ಸಾವಕಾರ್ರೀ, ಖರೇ ಹೇಳ್ರಿ. ಖಂಡೆಪ್ಪಣ್ಣ ಹ್ಯಾಂಗ ಹೋದ್ರು?”

ಸಾವಕಾರರು ದೀರ್ಘವಾಗಿ ಉಸಿರು ಬಿಟ್ಟರು. “ಇದೇ ಕೋಣ್ಯಾಗ. ಆಕ್ಸಿಜನ್ ಸಿಲಿಂಡರಿಂದು ವಾಲ್ವ್ ತಿರುಗಿಸಿದ. ಒಂದು ಬೆಳಕ ಬಂತು ನೋಡು, ಅಂಥಾ ಬೆಳಕ ನಾ ನೋಡೇ ಇಲ್ಲ. ಆಮ್ಯಾಲ ಖಂಡೆಪ್ಪ ಇಲ್ಲ.”

“ಆವತ್ತು… ಅದಕ್ಕೂ ವಿಭೂತಿ ಹಚ್ಚಿದ್ರೇನ್ರಿ?”

“ಹಚ್ಚಲಾರ್ದ ಬಿಡ್ತಾನೇನೋ ಅಂವ? ಸೋಮವಾರ ಬ್ಯಾರೆ. ತುಪ್ಪದಾಗ ಕಲಸಿ, ಕೈ ತುಂಬ ಹಚ್ಚಿದ್ದ.” ಸಾವಕಾರರು ಕಣ್ಣು ಒರೆಸಿಕೊಂಡರು. “ನಾಳಿನೂ ಸೋಮವಾರನೇ ನೋಡು. ಜಗದೇವಿ ಮನಿ ತುಪ್ಪ ತರ್ತೀನಿ ಅಂದಾಳ.”